ಬಸುರಿಯ ಹೊಟ್ಟೆ: ಉಷ್ಣವೂ ಅಲ್ಲ, ಶೀತವೂ ಅಲ್ಲ

‘ಮೋಷನ್ ಸರಿಯಾಗಿ ಆಗ್ತಿಲ್ಲ’ ಎನ್ನುವ ಮಾತನ್ನು ಬಸುರಿಯರು ಡಾಕ್ಟರ ಮುಂದೆ ಕೊನೆಗೆ, ಎದ್ದು ಹೊರಡುವಾಗ ಹೇಳುತ್ತಾರೆ. ಅಷ್ಟರಲ್ಲಿ ಮನೆಯಲ್ಲಿ, ಅಕ್ಕಪಕ್ಕದಲ್ಲಿ ಹತ್ತು ಸಲಹೆ ಸಿಕ್ಕಿರುತ್ತವೆ. ಅವುಗಳಲ್ಲಿ ಕೆಲವು ನಿರುಪದ್ರವಿ, ಒಂದೆರಡು ಮಾತ್ರ ಅಪಾಯದವು.

ನಂಬಿಕೆ: ಮಗು ಕರುಳನ್ನು ಒತ್ತುವುದರಿಂದ ಮಲಬದ್ಧತೆ; ಅದೇನಿದ್ದರೂ ಕೊನೆಯ ತಿಂಗಳುಗಳ ತೊಂದರೆ.

ಹಾಗಿದ್ದರೆ ಮಗು ನಿಂಬೆಹಣ್ಣಿನಷ್ಟೂ ಬೆಳೆಯದ ಎರಡನೇ ತಿಂಗಳಲ್ಲೇ ಹೊಟ್ಟೆ ಏಕೆ ಕಟ್ಟುತ್ತದೆ? ಗರ್ಭ ನಿಂತ ಕೂಡಲೇ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಏರುತ್ತದೆ. ಗರ್ಭಕೋಶದ ಸ್ನಾಯು ಸಡಿಲವಾಗಿರಲು ಅದು ಬೇಕೇ ಬೇಕು. ಆದರೆ ಕರುಳಿನ ಗೋಡೆಯಲ್ಲಿರುವುದೂ ಅದೇ ಜಾತಿಯ ಸ್ನಾಯು. ಅದೂ ಸಡಿಲವಾಗಿ, ತಿಂದದ್ದು ನಿಧಾನವಾಗಿ ಸಾಗುತ್ತದೆ. ಹೆಚ್ಚು ಹೊತ್ತು ನಿಂತಷ್ಟೂ ದೊಡ್ಡ ಕರುಳು ನೀರು ಹೀರುತ್ತದೆ, ಮಲ ಗಟ್ಟಿಯಾಗುತ್ತದೆ. ಬೆಳೆದ ಗರ್ಭಕೋಶದ ಒತ್ತಡ ಆಮೇಲೆ ಬಂದು ಸೇರುತ್ತದೆ.

ನಂಬಿಕೆ: ಕಬ್ಬಿಣದ ಮಾತ್ರೆ ಉಷ್ಣ, ಮಲ ಕಪ್ಪಾದರೆ ನಿಲ್ಲಿಸಿಬಿಡಬೇಕು.

ಎಲ್ಲಕ್ಕಿಂತ ದುಬಾರಿಯಾದ ತಪ್ಪು ಕಲ್ಪನೆ ಇದು. ನಾಲ್ಕನೇ ತಿಂಗಳಿನಿಂದ 180 ದಿನ ತೆಗೆದುಕೊಳ್ಳಿ ಎಂದು ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ. ದೇಹ ಅದರಲ್ಲಿ ಸ್ವಲ್ಪವನ್ನಷ್ಟೇ ಹೀರಿಕೊಳ್ಳುತ್ತದೆ, ಮಿಕ್ಕಿದ್ದು ಮಲದಲ್ಲಿ ಹೋಗುತ್ತದೆ. ಕಪ್ಪು ಬಣ್ಣ ಅದರದ್ದೇ, ಗಾಬರಿ ಬೇಕಿಲ್ಲ. ಮಾತ್ರೆಯಿಂದ ಕೆಲವರಿಗೆ ಮಲಬದ್ಧತೆ ಹೆಚ್ಚುವುದೂ ನಿಜ; ಇದನ್ನು ಅಲ್ಲಗಳೆಯುವುದು ಸರಿಯಲ್ಲ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ. ಮಾತ್ರೆ ಬಿಡುವ ಬದಲು ರಾತ್ರಿ ಊಟವಾದ ಮೇಲೆ ನಿಂಬೆರಸದ ಜೊತೆ ತೆಗೆದುಕೊಳ್ಳಬಹುದು. ಕಾಫಿ, ಟೀ ಮತ್ತು ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗಿರಲಿ. ಆಗಲೂ ತಡೆಯದಿದ್ದರೆ ಬೇರೆ ಬಗೆಯ ಕಬ್ಬಿಣ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಬಹುದು.

ನಂಬಿಕೆ: ರಾಗಿ, ಕಾಳು ಜೀರ್ಣವಾಗುವುದಿಲ್ಲ; ಬಸುರಿಗೆ ಬಿಳಿ ಅನ್ನವೇ ಹಗುರ.

ನಾರಿನಂಶ ಜೀರ್ಣವಾಗುವುದಿಲ್ಲ ಎನ್ನುವುದು ಸರಿಯೇ, ಅದರ ಪ್ರಯೋಜನ ಇರುವುದೂ ಅಲ್ಲೇ. ನಮ್ಮ ಜೀರ್ಣರಸಕ್ಕೆ ಸಿಗದೆ ಅದು ದೊಡ್ಡ ಕರುಳಿಗೆ ಬರುತ್ತದೆ. ಒಂದಿಷ್ಟು ನೀರು ಹಿಡಿದಿಟ್ಟು ಮಲವನ್ನು ಮೆತ್ತಗಿಡುತ್ತದೆ. ಇನ್ನೊಂದಿಷ್ಟನ್ನು ಅಲ್ಲಿನ ಬ್ಯಾಕ್ಟೀರಿಯಾ ಹುದುಗಿಸಿ ಬ್ಯುಟಿರೇಟ್‌ನಂಥ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ಇಡೀ ಹೆಸರುಕಾಳು, ಸೀಬೆಹಣ್ಣು, ನುಗ್ಗೆಸೊಪ್ಪು ಮನೆಯಲ್ಲಿರುವಾಗ ದುಬಾರಿ ಡಬ್ಬಿಗಳ ಹಿಂದೆ ಹೋಗುವ ಅಗತ್ಯ ನನಗಂತೂ ಕಾಣುವುದಿಲ್ಲ.

ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಒಂದೇ ದಿನದಲ್ಲಿ ಮುಟ್ಟಲು ಹೊರಟರೆ ಗ್ಯಾಸ್ ತುಂಬಿ ಹೊಟ್ಟೆ ಉಬ್ಬರಿಸುತ್ತದೆ; ‘ಕಾಳು ವಾಯು’ ಎಂಬ ದೂರು ಹುಟ್ಟುವುದು ಆಗಲೇ. ಬ್ಯಾಕ್ಟೀರಿಯಾ ಒಗ್ಗಿಕೊಳ್ಳಲು ಕೆಲವು ವಾರ ಬೇಕು. ನೀರು ಕಡಿಮೆ ಕುಡಿದು ನಾರು ಹೆಚ್ಚಿಸಿದರೆ ಮಲ ಇನ್ನಷ್ಟು ಗಟ್ಟಿಯಾಗಬಹುದು. ಇಸಬ್‌ಗೋಲ್‌ಗೂ ಇದೇ ಮಾತು.

ನಂಬಿಕೆ: ಮೊಸರು ತಿಂದರೆ ಮಗುವಿಗೆ ಶೀತ.

ಶೀತ ತರುವುದು ವೈರಸ್ಸು. ಮೊಸರಿನ ಮೇಲೆ ಅತಿಯಾದ ಭರವಸೆಯೂ ಬೇಡ. ಅದರ ಬ್ಯಾಕ್ಟೀರಿಯಾ ಬಹುಮಟ್ಟಿಗೆ ಕರುಳಿನಲ್ಲಿ ಹಾದುಹೋಗುತ್ತವೆ, ಖಾಯಂ ನೆಲೆಸುವುದಿಲ್ಲ. ಗರ್ಭಿಣಿಯ ಕರುಳಿನ ಬ್ಯಾಕ್ಟೀರಿಯಾ ಕೊನೆಯ ಮೂರು ತಿಂಗಳಲ್ಲಿ ಗಣನೀಯವಾಗಿ ಬದಲಾಗುತ್ತವೆ ಎಂದು 2012ರಲ್ಲಿ ಫಿನ್ಲೆಂಡಿನ ಮಹಿಳೆಯರ ಮೇಲೆ ನಡೆದ ಅಧ್ಯಯನ ತೋರಿಸಿತು. 2015ರ ಅಮೆರಿಕದ ಅಧ್ಯಯನದಲ್ಲಿ ಅಂಥ ದೊಡ್ಡ ಬದಲಾವಣೆ ಕಾಣಲಿಲ್ಲ. ಹೀಗಿರುವಾಗ ‘ಗರ್ಭಿಣಿಯರಿಗೆಂದೇ ಪ್ರೊಬಯಾಟಿಕ್’ ಎಂಬ ಜಾಹೀರಾತಿಗೆ ಮರುಳಾಗಬೇಕಿಲ್ಲ. ಮಜ್ಜಿಗೆ ಕುಡಿಯಿರಿ, ನೀರೂ ಒಳಗೆ ಹೋಗುತ್ತದೆ.

ನಂಬಿಕೆ: ಪರಂಗಿ ವಿಷ, ಹರಳೆಣ್ಣೆ ಅಮೃತ.

ಇಲ್ಲಿ ಲೆಕ್ಕ ತಲೆಕೆಳಗಾಗಿದೆ. 2002ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ ಗರ್ಭಕೋಶವನ್ನು ಸಂಕುಚಿಸಿದ್ದು ಪರಂಗಿಕಾಯಿಯ ಹಾಲು. ಪೂರ್ತಿ ಮಾಗಿದ ಹಣ್ಣಿನ ರಸ ಹಾಗೆ ಮಾಡಲಿಲ್ಲ. ಕಾಯಿ, ದೋರೆಗಾಯಿ ಬೇಡ, ಅಷ್ಟೆ. ಹರಳೆಣ್ಣೆಯಲ್ಲಿರುವ ರಿಸಿನೋಲಿಕ್ ಆಮ್ಲವಾದರೋ ಕರುಳಿನ ಜೊತೆಗೆ ಗರ್ಭಕೋಶವನ್ನೂ ಹಿಂಡಬಲ್ಲದು. ಹೊಟ್ಟೆ ಎಷ್ಟೇ ಕಟ್ಟಿರಲಿ, ಬಸುರಿಗೆ ಅದನ್ನು ಮನೆಮದ್ದಾಗಿ ಕುಡಿಸಬೇಡಿ. ಮಲದಲ್ಲಿ ರಕ್ತ ಕಂಡರೆ, ವಾಂತಿಯ ಜೊತೆ ಹೊಟ್ಟೆ ಬಿಗಿದು ನೋವು ಬಂದರೆ, ಯಾವ ಮನೆಮದ್ದಿಗೂ ಕಾಯದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.