ಬಕೆಟ್‌ನಲ್ಲಿ ಮೋಟರ್ ಇಲ್ಲ, ಆದ್ರೂ ಮಣ್ಣು ಸುರಿಯುತ್ತೆ: ಡ್ರ್ಯಾಗ್‌ಲೈನ್ ಕೆಲಸ ಮಾಡೋದು ಹೇಗೆ?

ನಮ್ಮಲ್ಲಿ ಮಣ್ಣು ಅಗೆಯೋ ಯಂತ್ರ ಯಾವುದಿದ್ದರೂ ಅದರ ಹೆಸರು ಜೆಸಿಬಿ! ಅದರ ತೋಳಿನ ಕೀಲುಗಳನ್ನ ಮಡಚೋದು, ಬಿಚ್ಚೋದು ಹೈಡ್ರಾಲಿಕ್ ಸಿಲಿಂಡರ್‌ಗಳು. ಆದರೆ ತೋಳು ಉದ್ದ ಆದಷ್ಟೂ ತುದಿಯ ಭಾರ ಯಂತ್ರವನ್ನೇ ಮಗುಚೋಕೆ ನೋಡುತ್ತೆ. ಹಾಗಾದ್ರೆ ಹತ್ತಾರು ಮೀಟರ್ ಆಚೆಯ ಮಣ್ಣನ್ನ ಎತ್ತೋದು ಹೇಗೆ?

ತೋಳಿನ ಬದಲು ಹಗ್ಗ. ಅದೇ ಡ್ರ್ಯಾಗ್‌ಲೈನ್. 1904ರಲ್ಲಿ ಅಮೆರಿಕದ ಜಾನ್ ಪೇಜ್ ಶಿಕಾಗೋದ ಕಾಲುವೆ ಕೆಲಸಕ್ಕೆ ಇದನ್ನ ರೂಪಿಸಿದರು. ನಮ್ಮ ಸಿಂಗ್ರೌಲಿ ಕಲ್ಲಿದ್ದಲು ಗಣಿಗಳಲ್ಲಿ '24/96' ಅನ್ನೋ ಡ್ರ್ಯಾಗ್‌ಲೈನ್‌ಗಳಿವೆ. ಅಂದ್ರೆ ಬಕೆಟ್ 24 ಘನ ಮೀಟರ್, ಬೂಮ್ 96 ಮೀಟರ್ ಉದ್ದ. ಒಂದು ಭರ್ಜರಿ ಸಿಕ್ಸರ್ ಹೋಗೋ ದೂರ! ಕಲ್ಲಿದ್ದಲ ಮೇಲಿನ ಮಣ್ಣು-ಕಲ್ಲನ್ನ ಎತ್ತಿ, ಲಾರಿಯೇ ಇಲ್ಲದೆ ಪಕ್ಕಕ್ಕೆ ಸುರಿಯೋದು ಇದರ ಕೆಲಸ.

ಬೂಮ್ ಅಗೆಯಲ್ಲ, ತುದಿಯಲ್ಲಿ ರಾಟೆ ಹಿಡಿದು ನಿಂತಿರುತ್ತೆ ಅಷ್ಟೆ. ಎತ್ತುವ ಹಗ್ಗ ಆ ರಾಟೆ ಮೇಲಿಂದ ಇಳಿದು ಬಕೆಟ್ಟನ್ನ ತೂಗುಹಾಕುತ್ತೆ. ಎಳೆಯುವ ಹಗ್ಗ ಯಂತ್ರದ ಬುಡದಿಂದ ನೇರ ಬಕೆಟ್‌ನ ಬಾಯಿಗೆ ಹೋಗುತ್ತೆ. ದೂರದಲ್ಲಿ ನೆಲಕ್ಕಿಳಿಸಿ ಎಳೆದರೆ, ಬಕೆಟ್‌ನ ಸ್ವಂತ ಭಾರಕ್ಕೇ ಹಲ್ಲುಗಳು ಮಣ್ಣಿಗೆ ಕಚ್ಚಿ ಅದು ತುಂಬುತ್ತೆ.

ಸರಿ, ಸುರಿಯೋದು ಹೇಗೆ? ಇಲ್ಲೇ ಮಜಾ ಇರೋದು. ಮೂರನೇ ಒಂದು ಚಿಕ್ಕ ಹಗ್ಗ ಇದೆ. ಅದರ ಒಂದು ತುದಿ ಎಳೆಯುವ ಹಗ್ಗಕ್ಕೆ, ಇನ್ನೊಂದು ಬಕೆಟ್‌ನ ಮೂತಿಗೆ. ನಡುವೆ ಬಕೆಟ್ ಮೇಲಿನ ರಾಟೆಯನ್ನ ಬಳಸಿ ಬರುತ್ತೆ. ಎಳೆಯುವ ಹಗ್ಗ ಬಿಗಿಯಾಗಿರೋವರೆಗೆ ಇದೂ ಬಿಗಿ, ಮೂತಿ ಮೇಲೆ. ಅದನ್ನ ಸಡಿಲ ಬಿಟ್ಟ ಕೂಡಲೆ ಮೂತಿ ಕೆಳಗೆ, ಮಣ್ಣು ಹೊರಗೆ. ಬಕೆಟ್‌ನಲ್ಲಿ ಮೋಟರೂ ಇಲ್ಲ, ವೈರೂ ಇಲ್ಲ.

ಕಪಿಲೆ ಬಾವಿ ಬಗ್ಗೆ ಕೇಳಿದ್ದೀರಾ? ಪುಣೆ ಕಡೆ ಮೋಟ್ ಅಂತಾರೆ. ಎತ್ತುಗಳು ಎಳೆಯೋ ದಪ್ಪ ಹಗ್ಗ ಚರ್ಮದ ಚೀಲವನ್ನ ಎತ್ತುತ್ತೆ, ತೆಳು ಹಗ್ಗ ಚೀಲದ ಸೊಂಡಿಲನ್ನ ಮೇಲಕ್ಕೆ ಹಿಡಿದಿರುತ್ತೆ. ಚೀಲ ಮೇಲೆ ಬಂದಾಗ ಸೊಂಡಿಲು ದಡದತ್ತ ಚಾಚಿ, ನೀರು ತಾನೇ ಸುರಿಯುತ್ತೆ. ಹೆಚ್ಚುಕಡಿಮೆ ಅದೇ ಉಪಾಯ.

ಅಪಾಯವೂ ಈ ಹಗ್ಗದಲ್ಲೇ ಇದೆ. ಬಟ್ಟೆ ಒಣಹಾಕೋ ಹಗ್ಗದ ನಡುವೆ ತುಂಬಿದ ಕೊಡ ನೇತುಹಾಕಿ, ಹಗ್ಗವನ್ನ ನೇರ ಮಾಡೋಕೆ ಜಗ್ಗಿ ನೋಡಿ. ನೇರವಾದಷ್ಟೂ ಬಿಗಿತ ಕೊಡದ ತೂಕಕ್ಕಿಂತ ಎಷ್ಟೋ ಪಟ್ಟು ಏರಿ, ಕೊನೆಗೆ ಗೋಡೆಯ ಮೊಳೆಯೇ ಕಿತ್ತು ಬರುತ್ತೆ. ಇಲ್ಲಿ ಆ ಮೊಳೆ ಅಂದ್ರೆ ಬೂಮ್. ಎರಡೂ ಹಗ್ಗವನ್ನ ಒಟ್ಟಿಗೆ ಜಗ್ಗಿದರೆ ಬೂಮ್ ಬಗ್ಗಿಹೋಗಬಹುದು. ಅದಕ್ಕೇ ಆಪರೇಟರ್ ಒಂದನ್ನ ಎಳೀತಾ ಇನ್ನೊಂದನ್ನ ಅಳತೆಯಾಗಿ ಬಿಡಬೇಕು. ಸುಮಾರು ನಿಮಿಷಕ್ಕೊಂದು ಬಕೆಟ್, ಇಡೀ ಶಿಫ್ಟ್.

ನಾನಾಗಿದ್ದರೆ ಆ ಬಕೆಟ್‌ಗೆ ಮೊದಲು ಒಂದು ಸೆನ್ಸರ್, ಒಂದು ಮೋಟರ್ ಹಾಕ್ತಿದ್ದೆ, ಸಾಫ್ಟ್‌ವೇರ್‌ನವರ ಬುದ್ಧಿ! ದೆಹಲಿಗೆ ಬರೋ ಕರೆಂಟಲ್ಲಿ ಸಿಂಗ್ರೌಲಿಯದ್ದೂ ಪಾಲಿದೆ. ಇನ್ನು ಲ್ಯಾಪ್‌ಟಾಪ್ ಚಾರ್ಜಿಗೆ ಹಾಕುವಾಗ ಆ ಆಪರೇಟರ್‌ನ ನೆನಪಾಗುತ್ತೆ. ನಿಮ್ಮ ಮನೆಯಲ್ಲಿ ಕಪಿಲೆ ಹೊಡೆದ ಹಿರಿಯರಿದ್ದರೆ ಕೇಳಿ, ಅವರು ಹೇಳಿದ್ದನ್ನ ಕಾಮೆಂಟಲ್ಲಿ ಬರೀರಿ. ಮುಂದಿನ ವಿಡಿಯೋದಲ್ಲಿ ಸಿಗೋಣ.