ಪಟ್ಟಿ ನೇಯುತ್ತಿದ್ದ ಮಗ್ಗ ಚೀಲ ನೇಯ್ದ ಬಗೆ

ಮೇಜಿನ ಅಂಚಿಗೆ ಒರಗಿಸಿಟ್ಟು ನೇಯಬಹುದಾದ ರಿಜಿಡ್ ಹೆಡಲ್ ಮಗ್ಗದಲ್ಲಿ ಇಂದು ಯುರೋಪ್, ಅಮೆರಿಕ ಮತ್ತು ನ್ಯೂಜಿಲೆಂಡ್‌ಗಳ ಹವ್ಯಾಸಿ ನೇಕಾರರು ಕೊರಳವಸ್ತ್ರ, ಕೈವಸ್ತ್ರಗಳ ಜೊತೆಗೆ ಹೆಗಲಿಗೆ ತೂಗುಹಾಕುವ ಟೋಟ್ ಚೀಲದ ಬಟ್ಟೆಯನ್ನೂ ನೇಯುತ್ತಾರೆ. ಆದರೆ ಈ ಮಗ್ಗಕ್ಕೆ ಹೆಸರು ತಂದುಕೊಟ್ಟ ಹೆಡಲ್ ಎಂಬ ಸಾಧನವು ತನ್ನ ಆಯುಷ್ಯದ ಬಹುಭಾಗವನ್ನು ಕಳೆದದ್ದು ಬೆರಳೆರಡರ ಅಗಲದ ಪಟ್ಟಿಗಳನ್ನು ನೇಯುವುದರಲ್ಲಿ. ಚೀಲದ ಒಡಲಿಗಿಂತ ಅದರ ಹಿಡಿಕೆಯೇ ಈ ಸಾಧನದ ಹಳೆಯ ಕಸುಬು.

ಮಗ್ಗದ ಉದ್ದಕ್ಕೂ ಬಿಗಿದ ಹಾಸಿನ ಎಳೆಗಳನ್ನು ಎತ್ತಿ ಇಳಿಸುವ ಸಾಧನವೇ ಹೆಡಲ್. ಬಾಚಣಿಗೆಯನ್ನು ಹೋಲುವ ಈ ಗಡುಸು ಚೌಕಟ್ಟಿನಲ್ಲಿ ಕಡ್ಡಿಗಳು ಸಾಲಾಗಿ ನಿಂತಿದ್ದು, ಪ್ರತಿ ಕಡ್ಡಿಯ ನಡುಮಧ್ಯದಲ್ಲಿ ಒಂದು ರಂಧ್ರವೂ ಎರಡು ಕಡ್ಡಿಗಳ ನಡುವೆ ಒಂದು ಉದ್ದನೆಯ ಸೀಳೂ ಇರುತ್ತವೆ. ಒಂದು ಎಳೆ ರಂಧ್ರದಲ್ಲಿ ಹಾಯ್ದರೆ ಅದರ ಪಕ್ಕದ ಎಳೆ ಸೀಳಿನಲ್ಲಿ ಹಾಯುತ್ತದೆ. ಚೌಕಟ್ಟನ್ನು ಮೇಲೆತ್ತಿದಾಗ ರಂಧ್ರದ ಎಳೆಗಳು ಅದರೊಡನೆ ಮೇಲೇರುತ್ತವೆ, ಸೀಳಿನ ಎಳೆಗಳು ಇದ್ದಲ್ಲೇ ಉಳಿಯುತ್ತವೆ. ಕೆಳಗಿಳಿಸಿದಾಗ ರಂಧ್ರದ ಎಳೆಗಳು ಸೀಳಿನವುಗಳಿಗಿಂತ ಕೆಳಗೆ ಹೋಗುತ್ತವೆ. ಎರಡು ಬಾರಿಯೂ ತೆರೆದುಕೊಳ್ಳುವ ಎಡೆಯಲ್ಲಿ ಲಾಳಿ ಸಾಗಿ, ಅಡ್ಡಲಾಗಿ ಹೊಕ್ಕನ್ನು ಹಾಯಿಸುತ್ತದೆ. ಕರ್ನಾಟಕದ ಕುಣಿಮಗ್ಗದಲ್ಲಿ ನೇಕಾರರು ಕುಣಿಯೊಳಗೆ ಕಾಲಿಳಿಬಿಟ್ಟು ತುಳಿಯುವುದರಿಂದ ಎಳೆಗಳು ಏರಿಳಿಯುತ್ತವೆ, ಹೊಕ್ಕನ್ನು ಒತ್ತುವ ಹಣಿಗೆ ಬೇರೆಯೇ ಇರುತ್ತದೆ. ರಿಜಿಡ್ ಹೆಡಲ್ ಮಗ್ಗದಲ್ಲಿ ಎಳೆ ಎತ್ತುವುದು, ಎಳೆಗಳ ಅಂತರ ಕಾಯುವುದು, ಹೊಕ್ಕನ್ನು ಒತ್ತುವುದು ಈ ಮೂರೂ ಕೆಲಸಗಳನ್ನು ಒಂದೇ ಚೌಕಟ್ಟು ಕೈಬಲದಿಂದ ಮಾಡುತ್ತದೆ.

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸೌತ್ ಶೀಲ್ಡ್ಸ್‌ನಲ್ಲಿರುವ ರೋಮನ್ ಕೋಟೆಯ ನೆಲೆಯಲ್ಲಿ ಮೂಳೆಯ ಕಡ್ಡಿಗಳನ್ನು ಕಂಚಿನ ತಗಡಿನಿಂದ ಬಿಗಿದು ಮಾಡಿದ ಇಂತಹ ಪುಟ್ಟ ಹೆಡಲ್ ದೊರೆತಿದೆ. ಉತ್ತರ ಯುರೋಪಿನ ಸಾಮಿ ಜನರು ಹಿಮಸಾರಂಗದ ಕೊಂಬಿನಿಂದಲೂ ಮೂಳೆಯಿಂದಲೂ ಹೆಡಲ್ ಮಾಡಿಕೊಂಡು ಬಣ್ಣಬಣ್ಣದ ಪಟ್ಟಿಗಳನ್ನು ನೇಯ್ದರು. ಸ್ಕ್ಯಾಂಡಿನೇವಿಯಾದ ಹಳ್ಳಿಗಳಲ್ಲಿ ಕೆತ್ತನೆಯ ಮರದ ಹೆಡಲ್ ಮದುವೆ ನಿಶ್ಚಯದ ಉಡುಗೊರೆಯಾಗಿ ಸಲ್ಲುತ್ತಿತ್ತು. ಅಮೆರಿಕದ ನೈಋತ್ಯ ಭಾಗದ ಜುನಿ ಜನರು ಇದರಲ್ಲಿ ನಡುಪಟ್ಟಿ ನೇಯುತ್ತಿದ್ದರು. ನ್ಯೂ ಇಂಗ್ಲೆಂಡಿನ ವಲಸಿಗರ ಮನೆಗಳಲ್ಲಿ ಮಂಡಿಗಳ ನಡುವೆ ಹಿಡಿದು ನೇಯುವ ಹಲಗೆಯ ರೂಪದಲ್ಲಿ ಅದು ಮನೆವಾರ್ತೆಯ ವಸ್ತುವಾಗಿತ್ತು. ಜಿಪ್ ಮತ್ತು ಇಲಾಸ್ಟಿಕ್ ಬರುವ ಮುನ್ನ ಏಪ್ರನ್, ಲಂಗ, ಕಾಲುಚೀಲ, ಧಾನ್ಯದ ಮೂಟೆ ಎಲ್ಲವೂ ಕಟ್ಟುವ ಪಟ್ಟಿಗಳನ್ನೇ ನೆಚ್ಚಿಕೊಂಡಿದ್ದುವೆಂಬುದನ್ನು ನೆನೆದರೆ, ರಾಜವಸ್ತ್ರಗಳ ಚರಿತ್ರೆಗೆ ಸಲ್ಲುವ ಗೌರವದಲ್ಲಿ ಒಂದು ಪಾಲು ಈ ಪಟ್ಟಿಗಳಿಗೂ ಸಲ್ಲಬೇಕು.

ಗಿರಣಿಯ ಪಟ್ಟಿ ಅಗ್ಗವಾಗಿ ದೊರೆಯತೊಡಗಿದ ಮೇಲೆ ಮನೆಬಳಕೆಯ ಹೆಡಲ್ ಮೂಲೆಗೆ ಸರಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಕೈಕಸುಬಿನ ಆಸಕ್ತಿ ಮರಳಿದಾಗ ಅದು ಅಗಲವಾಗಿ ಮರಳಿತು: ಎರಡು ಉರುಳೆಗಳುಳ್ಳ ಚೌಕಟ್ಟಿನ ನಡುವೆ ಉದ್ದನೆಯ ಹೆಡಲನ್ನು ಕೂರಿಸಿ, ಹಿಂದಿನ ಉರುಳೆಯಿಂದ ಹಾಸು ಬಿಚ್ಚುತ್ತ ಮುಂದಿನದಕ್ಕೆ ನೇಯ್ದ ಬಟ್ಟೆ ಸುತ್ತುವಂತೆ ಮಾಡಲಾಯಿತು. ನ್ಯೂಜಿಲೆಂಡಿನಲ್ಲಿ 1934ರಲ್ಲಿ ಆರಂಭವಾದ ಆಶ್‌ಫರ್ಡ್ ಮತ್ತು ಅಮೆರಿಕದ ಬೋಲ್ಡರ್‌ನಲ್ಲಿ 1969ರಲ್ಲಿ ಆರಂಭವಾದ ಶಾಕ್ಟ್ ಸಂಸ್ಥೆಗಳು ಇಂತಹ ಮಗ್ಗಗಳನ್ನು ದೂರದೂರದ ಮನೆಗಳಿಗೆ ತಲುಪಿಸಿದವು.

ಟೋಟ್ ಚೀಲದ ವಂಶಾವಳಿ ಇದಕ್ಕಿಂತ ಬಹಳ ಚಿಕ್ಕದು. ಅಮೆರಿಕದ ಮೇಯ್ನ್ ರಾಜ್ಯದ ಎಲ್.ಎಲ್. ಬೀನ್ ಸಂಸ್ಥೆ 1944ರಲ್ಲಿ ಮಂಜುಗಡ್ಡೆ ಹೊರುವುದಕ್ಕೆಂದು ದಪ್ಪ ಕ್ಯಾನ್ವಾಸಿನ ಚೀಲವನ್ನು ಮಾರುಕಟ್ಟೆಗೆ ತಂದು, 1965ರಲ್ಲಿ ಅದನ್ನೇ ಬಣ್ಣದ ಹಿಡಿಕೆಯೊಡನೆ ಬೋಟ್ ಆ್ಯಂಡ್ ಟೋಟ್ ಎಂಬ ಹೆಸರಿನಲ್ಲಿ ಮತ್ತೆ ಹೊರತಂದಿತು. ಆಯತಾಕಾರದ ಒಡಲು, ಎರಡು ಹಿಡಿಕೆ, ಮುಚ್ಚಳವಿಲ್ಲದ ಬಾಯಿ: ಕತ್ತರಿಯ ಕೆಲಸ ತೀರ ಕಡಿಮೆ ಇರುವ ಈ ರೂಪವು ಕಿರಿದಗಲದ ಮಗ್ಗಕ್ಕೆ ಹೇಳಿ ಮಾಡಿಸಿದಂತಿತ್ತು.

ಇಂತಹ ಚೀಲ ನೇಯುವ ಕೆಲಸ ಲೆಕ್ಕದಿಂದ ಮೊದಲಾಗುತ್ತದೆ. ಅಂಗುಲಕ್ಕೆ 10 ಎಳೆ ಹಿಡಿಸುವ ಹೆಡಲಿನಲ್ಲಿ 16 ಅಂಗುಲ ಅಗಲಕ್ಕೆ 160 ಎಳೆ ಬೇಕು. ಸೊಂಪಾದ ಬಟ್ಟೆಗೆ 8ನೇ ನಂಬರಿನ ನಾಲ್ಕೆಳೆ ಹುರಿಯ ಹತ್ತಿನೂಲು ಹೊಂದುತ್ತದೆ. ನೂಲಿನ ನಂಬರೆಂದರೆ ಒಂದು ಪೌಂಡ್ ತೂಕದಲ್ಲಿ 840 ಗಜದ ಎಷ್ಟು ಲಡಿಗಳಿವೆ ಎಂಬ ಅಳತೆ. ಚೀಲದ ಎರಡು ಮೈ, ಬಾಯಿಯ ಮಡಿಕೆ, ಒಗೆದಾಗ ಕುಗ್ಗುವ ಭಾಗ, ಕೊನೆಯಲ್ಲಿ ನೇಯಲಾಗದೆ ಉಳಿಯುವ ತುದಿ ಎಲ್ಲ ಸೇರಿ ಹಾಸಿನ ಉದ್ದವು ಸುಮಾರು 160 ಸೆಂಟಿಮೀಟರ್ ಆಗುವುದರಿಂದ, ಹಾಸಿಗೇ 256 ಮೀಟರ್ ನೂಲು ಹೋಗುತ್ತದೆ. ಮೇಜಿನ ಮತ್ತೊಂದು ತುದಿಗೆ ಗೂಟ ಬಿಗಿದು, ನೂಲಿನ ಕುಣಿಕೆಯನ್ನು ಕೊಕ್ಕೆಯಿಂದ ಒಂದೊಂದು ಸೀಳಿನಲ್ಲೂ ಎಳೆದು ಗೂಟಕ್ಕೆ ತೊಡಿಸಿ, ಎಳೆಗಳ ನಡುವೆ ಕಾಗದವಿಡುತ್ತ ಹಿಂದಿನ ಉರುಳೆಗೆ ಸುತ್ತಿದ ಬಳಿಕ, ಪ್ರತಿ ಸೀಳಿನ ಎರಡೆಳೆಗಳಲ್ಲಿ ಒಂದನ್ನು ಪಕ್ಕದ ರಂಧ್ರಕ್ಕೆ ದಾಟಿಸಲಾಗುತ್ತದೆ. ನೇಯುವಾಗ ಹೊಕ್ಕನ್ನು ನೇರವಾಗಿ ಎಳೆಯದೆ ಓರೆಯಾಗಿ ಸಡಿಲಬಿಟ್ಟು ಒತ್ತಬೇಕು, ಇಲ್ಲವಾದರೆ ಬಟ್ಟೆಯ ಅಂಚು ಒಳಗೆ ಸೇದಿಕೊಳ್ಳುತ್ತದೆ.

ಹಿಡಿಕೆಗೆ ಬಂದಾಗ ಇದೇ ನಿಯಮ ತಿರುಗುಮುರುಗಾಗುತ್ತದೆ. ಅದೇ ಹೆಡಲಿನಲ್ಲಿ 40 ಎಳೆ ಹಾಸಿ, ಹೊಕ್ಕನ್ನು ಪ್ರತಿ ಸಲವೂ ಬಿಗಿಯಾಗಿ ಜಗ್ಗಿದರೆ, ಎಳೆಗಳು ಹೆಡಲಿನ ಅಂತರವನ್ನು ಮೀರಿ ಒಂದಕ್ಕೊಂದು ಒತ್ತಿಕೊಂಡು ಸುಮಾರು ಅರ್ಧದಷ್ಟು ಅಗಲಕ್ಕೆ ಕೂಡುತ್ತವೆ, ಹೊಕ್ಕು ಅವುಗಳ ಒಳಗೆ ಅಡಗುತ್ತದೆ. ಹಾಸುಮುಖದ ನೇಯ್ಗೆ ಎನ್ನಬಹುದಾದ ಈ ಪಟ್ಟಿಯಲ್ಲಿ ಹೊರೆಯೆಲ್ಲ ಒತ್ತಾಗಿ ಕೂಡಿದ ಉದ್ದನೆಯ ಎಳೆಗಳ ಮೇಲೆ ಬೀಳುವುದರಿಂದ ಅದು ಜಗ್ಗುವುದು ಕಡಿಮೆ. ಸಾಮಿ ನೇಕಾರರ ಪಟ್ಟಿಯ ಗಟ್ಟಿತನದ ಕಾರಣವೂ ಇದೇ.

ಮಗ್ಗದಿಂದಿಳಿದ ಬಟ್ಟೆಯ ತುದಿಗಳಿಗೆ ಕತ್ತರಿ ಹಾಕುವ ಮುನ್ನ ಜಿಗ್‌ಜಾಗ್ ಹೊಲಿಗೆ ಹಾಕಿ, ಒಗೆದು ಒಣಗಿಸಬೇಕು. ಕೈಮಗ್ಗದ ಬಟ್ಟೆ ಕತ್ತರಿಸಿದಲ್ಲಿ ಬೇಗ ಬಿಚ್ಚಿಕೊಳ್ಳುತ್ತದೆ. ಬಟ್ಟೆಯನ್ನು ಉದ್ದ ಅರ್ಧವಾಗುವಂತೆ ಎರಡಾಗಿ ಮಡಿಚಿದರೆ ತಳಕ್ಕೆ ಹೊಲಿಗೆ ಬೇಕಿಲ್ಲ, ಪಕ್ಕಗಳಲ್ಲಿ ನೇಯ್ದ ಅಂಚೇ ಇರುವುದರಿಂದ ಎರಡು ಹೊಲಿಗೆ ಸಾಕು. ತಳದ ಮೂಲೆಗಳನ್ನು ತ್ರಿಕೋನವಾಗಿ ಮಡಿಚಿ ಅಡ್ಡ ಹೊಲಿದರೆ ಚೀಲಕ್ಕೆ ಆಳ ಬರುತ್ತದೆ.

ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದ ಮೇಲೆ ಬಟ್ಟೆಚೀಲದ ಮಾತು ಹೆಚ್ಚಾಗಿದೆ. ಆದರೆ ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹತ್ತಿಯ ಚೀಲವೊಂದು ಹಗುರ ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಲು ಹವಾಮಾನದ ಲೆಕ್ಕವೊಂದರಲ್ಲೇ 52 ಬಾರಿ, ಪರಿಸರದ ಎಲ್ಲ ಅಳತೆಗೋಲುಗಳನ್ನೂ ಹಿಡಿದರೆ 7,000ಕ್ಕೂ ಹೆಚ್ಚು ಬಾರಿ ಬಳಕೆಯಾಗಬೇಕು. ಆದ್ದರಿಂದ ಇಂತಹ ಚೀಲವನ್ನು ವರ್ಷಗಟ್ಟಲೆ ಬಾಳುವಂತೆ ಹೊಲಿಯುವುದು ಅಗತ್ಯ, ಮತ್ತು ಚೀಲದಲ್ಲಿ ಮೊದಲು ಸವೆಯುವುದು ಹಿಡಿಕೆ. ನೇಯುವವರು ಹಿಡಿಕೆಯ ತುದಿಗಳನ್ನು ಲೈನಿಂಗ್ ಬಟ್ಟೆಯೊಳಗೆ ಹುದುಗಿಸದೆ, ಹೊರಗೇ ಚೌಕವಾಗಿ ಹೊಲಿದು ನಡುವೆ ಕತ್ತರಿ ಗುರುತಿನ ಹೊಲಿಗೆ ಹಾಕಲಿ. ಎರಡು ಹಿಡಿಕೆಗೆ ಬೇಕಾದಷ್ಟೇ ಹಾಸದೆ ನಾಲ್ಕಕ್ಕೆ ಸಾಲುವಷ್ಟು ಉದ್ದದ ಹಾಸು ಹಾಕಿ, ಉಳಿದ ಜೋಡಿಯನ್ನು ಮುಂದಿನ ದುರಸ್ತಿಗೆಂದು ತೆಗೆದಿಡಲಿ.