ದುಬಾಯಿಯಿಂದ ಮನೆಯಂಗಳಕ್ಕೆ

“ದುಬಾಯಿ ಎಷ್ಟು ದೂರ?” ಎಂದು ಉಡುಪಿ, ಕಾಪು, ಕಾರ್ಕಳಗಳ ಯಾವ ಮನೆಯಲ್ಲಿ ಕೇಳಿದರೂ “ನಾಲ್ಕು ಗಂಟೆ” ಎಂಬ ಉತ್ತರವೇ ದೊರೆಯುವುದು. ದೂರವನ್ನು ಗಂಟೆಗಳಿಂದ ಅಳೆಯುವ ಈ ವಾಡಿಕೆಯನ್ನು ನಾವು ತಪ್ಪೆನ್ನಲಾರೆವು. ಆದರೆ ಆ ನಾಲ್ಕು ಗಂಟೆಗಳಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂಬುದನ್ನು ಗೃಹಸ್ಥರು ತಿಳಿದಿರಬೇಕು.

ಭೂಗೋಲದ ಮಾದರಿಯ ಮೇಲೆ ಮಂಗಳೂರಿನಿಂದ ದುಬಾಯಿಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ, ಅದು ವಾಯವ್ಯ ದಿಕ್ಕಿಗೆ ಅರಬ್ಬೀ ಸಮುದ್ರವನ್ನು ದಾಟಿ, ಒಮಾನಿನ ತೀರವನ್ನು ಹಾಯ್ದು ದುಬಾಯಿಯನ್ನು ಮುಟ್ಟುವುದು. ಭೂಮಿಯ ಸುತ್ತಳತೆಯ 360 ಅಂಶಗಳಲ್ಲಿ ಈ ದಾರದ ಪಾಲು ಸುಮಾರು 22. ಅಂಶವೊಂದಕ್ಕೆ 111 ಕಿಲೋಮೀಟರಿನಂತೆ ಎಣಿಸಿದರೆ ದೂರವು ಸುಮಾರು 2,450 ಕಿಲೋಮೀಟರು. ಮೈಲಿಗಳ ಲೆಕ್ಕದಲ್ಲಿ 1,500ಕ್ಕೆ ತುಸು ಹೆಚ್ಚು. ಗಂಟೆಗೆ 800 ಕಿಲೋಮೀಟರಿಗೂ ಮಿಕ್ಕಿ ಸಾಗುವ ಜೆಟ್ ವಿಮಾನಕ್ಕೆ ಮೂರು ಗಂಟೆ ಸಾಕೆಂದು ತೋರಬಹುದು. ಆದರೆ ಏರುವಾಗಲೂ ಇಳಿಯುವಾಗಲೂ ಅದರ ವೇಗವು ಕಡಮೆ. ಚಳಿಗಾಲದಲ್ಲಂತೂ ಆ ಎತ್ತರದಲ್ಲಿ ಪಡುವಣದಿಂದ ಬೀಸುವ ಗಾಳಿಯು ಹೋಗುವವರಿಗೆ ಎದುರು, ಬರುವವರಿಗೆ ಬೆಂಬಲ. ಆದುದರಿಂದ ಹೋಗಲು ಸುಮಾರು ನಾಲ್ಕು ಗಂಟೆಗಳು ಬೇಕಾದರೆ ಬರಲು ಮೂರೂವರೆ ಸಾಕಾಗುವುದುಂಟು.

ಬಜಪೆಯ ವಿಮಾನ ನಿಲ್ದಾಣವು 1951ರ ಡಿಸೆಂಬರಿನಲ್ಲಿಯೇ ತೆರೆದಿದ್ದರೂ ಅಲ್ಲಿಂದ ದುಬಾಯಿಗೆ ನೇರವಾಗಿ ವಿಮಾನವು ಹೊರಟುದು 2006ರ ಅಕ್ಟೋಬರಿನಲ್ಲಿ. ಅದಕ್ಕೆ ಮುಂಚೆ ನಮ್ಮವರಲ್ಲಿ ಅನೇಕರು ರಾತ್ರಿಯ ಬಸ್ಸು ಹಿಡಿದು ಮುಂಬಯಿಗೆ ಹೋಗಿ, ನೆಂಟರ ಮನೆಯಲ್ಲಿ ತಂಗಿ, ಆಮೇಲೆ ಹಾರುತ್ತಿದ್ದರು. ಆಗ ದುಬಾಯಿಗಿಂತ ಮುಂಬಯಿಯೇ ದೂರವಾಗಿದ್ದಿತು!

ಈಗ ಉಳಿದಿರುವುದು ಗಡಿಯಾರದ ತೊಡಕು. ದುಬಾಯಿಯ ಗಡಿಯಾರವು ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ.

ಕೆಲವು ವರ್ಷಗಳ ಕೆಳಗೆ, ನಮಗೆ ಪರಿಚಿತರಾದ ಕಾಪುವಿನ ವೃದ್ಧೆಯೊಬ್ಬರು ಮಣಿಪಾಲದಲ್ಲಿ ತೀರಿಕೊಂಡರು. ದುಬಾಯಿಯಲ್ಲಿದ್ದ ಒಬ್ಬನೇ ಮಗನು “ರಾತ್ರಿ ಹನ್ನೊಂದಕ್ಕೆ ವಿಮಾನ” ಎಂದು ತಿಳಿಸಿದನು. ಹಿರಿಯರು ಹನ್ನೊಂದಕ್ಕೆ ನಾಲ್ಕನ್ನು ಕೂಡಿಸಿ, ಮೂರಕ್ಕೆ ಬಜಪೆ, ಐದಕ್ಕೆ ಮನೆ, ಆರಕ್ಕೆ ದಹನ ಎಂದು ನಿಶ್ಚಯಿಸಿ, ಕಾರ್ಕಳದ ನೆಂಟರಿಗೂ ಹಾಗೆಯೇ ಹೇಳಿದರು. ಆದರೆ ಅಲ್ಲಿಯ ಹನ್ನೊಂದು ಇಲ್ಲಿಯ ಹನ್ನೆರಡೂವರೆ. ವಿಮಾನವು ಇಳಿಯುವಾಗಲೇ ನಾಲ್ಕು ಗಂಟೆ. ಪಾಸ್‌ಪೋರ್ಟಿನ ತಪಾಸಣೆ, ಸಾಮಾನಿಗಾಗಿ ಕಾಯುವಿಕೆ, ಕಾರು ಹುಡುಕುವುದು, ಅನಂತರ ರಸ್ತೆಯ ಪಯಣ. ಇವು ಯಾವುವೂ ಆ ನಾಲ್ಕು ಗಂಟೆಗಳ ಲೆಕ್ಕದಲ್ಲಿ ಸೇರಿರಲಿಲ್ಲ. ಅವನ ದುಬಾಯಿಯ ಸಿಮ್ಮು ಇಲ್ಲಿ ನಡೆಯದೆ ಫೋನು ಸುಮ್ಮನಾಗಿತ್ತು.

ಆರು ಗಂಟೆಗೆ ಚಟ್ಟವು ಅಂಗಳದಲ್ಲಿ ಸಿದ್ಧವಾಗಿತ್ತು. ಮೊಮ್ಮಗನ ಕೈಯಿಂದಲೇ ಬೆಂಕಿ ಇಡಿಸೋಣವೆಂದು ಕೆಲವರು ಅವಸರಪಡಿಸಿದರು. ಸೋದರಮಾವನೂ ಅತ್ತಲೇ ವಾಲಿದನು. ಮಗಳು ಮಾತ್ರ ಒಪ್ಪಲಿಲ್ಲ.

“ಅವನು ಬರಲಿ ಮಾವ, ಅಮ್ಮನಿಗೇನೂ ಅವಸರವಿಲ್ಲ” ಎಂದಳು.

ಆರು ಗಂಟೆ ನಲವತ್ತು ನಿಮಿಷಕ್ಕೆ ಕಾರು ಬಂದು ನಿಂತಿತು. ಮಗನ ಕೈಗಡಿಯಾರವು ಆಗಲೂ ಐದು ಗಂಟೆ ಹತ್ತು ನಿಮಿಷವನ್ನು ತೋರಿಸುತ್ತಿತ್ತು.